ಗಂಧದ ತವರು

"ಹೊಲದ ಹೊಂಗೆಮರ ಕಡಿಸ್ಬುಡನಾ?" ಅಂತ ವಿರೂಪಾಕ್ಷ ಕೇಳಿದಾಗ ನೀಲಾಂಬಿಕೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕಡಿಸಿ," ಅಂದಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆಯನ್ನು ಮೊದಲೇ ಕಡಿದು ಒಣಗಿಸಿಕೊಳ್ಳಬೇಕು. ಅಂತರಸಂತೆ ಸುತ್ತಿನ ರೈತರೆಲ್ಲ ಆ ಕಾಲದಲ್ಲಿ ತಮ್ಮ ತಮ್ಮ ಬೇಲಿಸಾಲಿನ ಮರಗಳನ್ನು ಒಂದು ಥರಾ ಕಣ್ಣಿನಿಂದ ನೋಡುತ್ತಿರುತ್ತಾರೆ. ವಿರೂಪಾಕ್ಷನೂ ನೋಡಿದ್ದ. ಆದರೆ ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿಬಿಡುತ್ತಾಳೆ ಅಂತ ಎಣಿಸಿರಲಿಲ್ಲ.

"ಯೋಚ್ನೆ ಮಾಡಿ ಯೋಳು ನೀಲಾ. ಅವ್ವ ಇದ್ದಿದ್ರೆ ಕೊಡ್ಲಿ ಮುಟ್ಟಕ್ಕೂ ಬುಡ್ತಿರ್ನಿಲ್ಲ."

"ಕಡಿಸಿ ಅಂದ್ನಲ್ಲ. ಇನ್ನೇನು, ಛಾಪಾ ಕಾಗದದ ಮೇಲೆ ಬರ್ಕೊಡ್ಬೇಕಾ?"

ವಿರೂಪಾಕ್ಷ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

ಆ ಮರದ ಮೇಲೆ ನೀಲಾಂಬಿಕೆಗೆ ಎಂಥ ಸಿಟ್ಟಿತ್ತು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮರದ ಮೇಲೆ ಯಾರಾದರೂ ಸಿಟ್ಟು ಇಟ್ಟುಕೊಳ್ಳುತ್ತಾರಾ ಅಂತ ಕೇಳಬಹುದು. ಇಟ್ಟುಕೊಳ್ಳುತ್ತಾರೆ. ಅವಳು ಹರೆಯದಿಂದ ಮುಪ್ಪಿನ ಬಾಗಿಲವರೆಗೂ ಇಟ್ಟುಕೊಂಡು ಬಂದಿದ್ದಳು.

ಅವಳು ಕೃಷ್ಣರಾಜನಗರದ ಕಡೆಯ ಹೆಣ್ಣು. ಮನೆಯ ಹಿಂದೆಯೇ ನಾಲೆ. ಬೆಳಿಗ್ಗೆ ಎದ್ದರೆ ಭತ್ತದ ಗದ್ದೆಯ ವಾಸನೆ, ಸುಗ್ಗಿಯಲ್ಲಿ ಆಲೆಮನೆಯ ಬೆಲ್ಲದ ವಾಸನೆ. ನೀರು ಅಂದರೆ ತಾನಾಗಿ ಹರಿದು ಬರುವ ವಸ್ತು ಅಂತಲೇ ತಿಳಿದು ಬೆಳೆದವಳು. ಮದುವೆಯಾಗಿ ಹುಣಸೂರಿನಲ್ಲಿ ಬಸ್ಸು ಬದಲಿಸಿ, ತಾಲ್ಲೂಕು ಊರಾದ ಕೋಟೆಯಲ್ಲಿ ಮತ್ತೊಂದು ಬಸ್ಸು ಹತ್ತಿ ಈ ಕಾಡಂಚಿಗೆ ಬಂದಿಳಿದಾಗ, ಮಳೆಯನ್ನು ನಂಬಿದ ಕೆಂಪು ಹೊಲ, ಅದರಾಚೆ ಕಾಕನಕೋಟೆ ಕಾಡಿನ ಕಪ್ಪು ಗೆರೆ, ಸಂಜೆಯಾದರೆ "ಆನೆ ಬಂದವೆ" ಅನ್ನುವ ಕೂಗು. ಹೊಲಕ್ಕೆ ಬುತ್ತಿ ತಂದವಳು ಎಲ್ಲರೂ ಉಂಡ ಮೇಲೆ ಹೊಂಗೆಮರದ ಬುಡದಲ್ಲಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹೊಂಗೆಯ ನೆರಳು ತಂಪಾಗಿತ್ತು. ಆ ತಂಪಿನಲ್ಲಿ ಕಣ್ಣು ಮುಚ್ಚಿದರೆ ನಾಲೆಯ ದಡದಲ್ಲೇ ಕೂತ ಹಾಗಿರುತ್ತಿತ್ತು.

ಅತ್ತೆ ಕೆಂಪಾಜಮ್ಮ ಕೆಟ್ಟವಳಲ್ಲ. ದೊಡ್ಡ ಗಂಟಲು, ದೊಡ್ಡ ಕೈ. ಸೊಸೆ ಊಟ ಬಿಟ್ಟರೆ "ಉಣ್ಣು ಮಗಾ, ಅಳಕಾದ್ರೂ ಶಕ್ತಿ ಬೇಕಲ್ವಾ" ಅಂತ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು. ನೀಲಾಂಬಿಕೆ ಬಂದ ವರ್ಷವೇ ಹೊಂಗೆಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಗಂಧದ ಸಸಿ ಎದ್ದಿತ್ತು. ಪಿಕಳಾರ ಹಕ್ಕಿ ಹಣ್ಣು ತಿಂದು ಉದುರಿಸಿ ಹೋದ ಬೀಜದ್ದು. ಆಗಿನ ಕಾಲಕ್ಕೆ ಗಂಧದ ಗಿಡ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ. ಅದರ ಉಸಾಬರಿ ಯಾಕೆ ಅಂತ ಜನ ಸಸಿಯಲ್ಲೇ ಕಿತ್ತು ಬಿಸಾಡುತ್ತಿದ್ದರು. ಕೆಂಪಾಜಮ್ಮ ಮಾತ್ರ "ಸರ್ಕಾರದ ಕೂಸು ನಮ್ಮನೇಲಿ ಬೆಳೀತದೆ, ಬೆಳ್ಕೊಳ್ಳಿ ಬುಡಿ" ಅಂದಳು. ನೀಲಾಂಬಿಕೆಗೂ ಆ ಸಸಿ ಇಷ್ಟವಾಯಿತು. ಇಬ್ಬರೂ ಒಂದೇ ವರ್ಷ ಈ ಮನೆಗೆ ಬಂದವರು. ಬೇಸಿಗೆಯಲ್ಲಿ ತನ್ನ ಸೊಂಟದ ಕೊಡದಿಂದ ಅದಕ್ಕೊಂದಿಷ್ಟು ನೀರು ಬಗ್ಗಿಸಿಯೇ ಮುಂದೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೀಗೇ ಹೊಂಗೆಯ ಬುಡದಲ್ಲಿ ಕೂತಿದ್ದಾಗ, ಬದುವಿನ ಆಚೆ ಕಳೆ ಕೀಳುತ್ತಿದ್ದ ಕಾಡಿನ ಜನರ ಹಾಡಿಯ ಹೆಂಗಸರಿಗೆ ಅತ್ತೆ ಹೇಳಿದ್ದು ಕಿವಿಗೆ ಬಿತ್ತು.

"ಅದು ಅಂಗೇ ಕಣ್ರವ್ವ. ಮ್ಯಾಲ್ನೋಟಕ್ಕೆ ಒಂಟಿ, ಗಟ್ಟಿಗಿತ್ತಿ. ತವರ್ನ ಕಚ್ಕಂಡೇ ಉಣ್ತದೆ. ತವರು ಬುಡಿಸುದ್ರೆ ಒಣಗೋಯ್ತದೆ. ಅದ್ರ ತವರು ಇನ್ಯಾವ್ದು, ಆ ಹೊಂಗೆಮರ."

ಹೆಂಗಸರು ಗೊಳ್ಳೆಂದು ನಕ್ಕರು.

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದಲೂ ಸದರದಿಂದಲೂ 'ಅದು' ಅಂತಲೇ ಕರೆಯುತ್ತೇವೆ. 'ಅದು ಉಣ್ತಾ?', 'ಅದ್ಕೆ ಜ್ವರ ಬಂದದೆ', ಹೀಗೆ. ಅತ್ತೆ ದಿನಾ ಬೆಳಗಾದರೆ ನೀಲಾಂಬಿಕೆಯನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಹಾಗಿರುವಾಗ ಅವಳಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಕೂಲಿ ಹೆಂಗಸರ ಮುಂದೆ ತನ್ನನ್ನು ಹೀಗೆ ಆಡಿಕೊಂಡು ನಗುತ್ತಾಳಲ್ಲ ಅಂತ ಎದೆಗೆ ಕೆಂಡ ಬಿದ್ದ ಹಾಗಾಯಿತು. ಎದ್ದು ಹೋದಳು. ಮತ್ತೆಂದೂ ಆ ಮರದ ಬುಡಕ್ಕೆ ಹೋಗಲಿಲ್ಲ. ಯಾರ ಮುಂದೆಯೂ ಅಳಲೂ ಇಲ್ಲ.

ಮರಕ್ಕೆ ಮಾತ್ರ ಆ ಹೆಸರು ಅಂಟಿಕೊಂಡುಬಿಟ್ಟಿತು. ತವರುಮರ. "ಎತ್ತುನ್ನ ತವರುಮರಕ್ಕೆ ಕಟ್ಟು", "ಕುಡ್ಲು ತವರುಮರದತ್ರ ಅದೆ." ಪ್ರತಿ ಸಲವೂ ಅವಳಿಗೆ ಒಂದು ಸಣ್ಣ ಮುಳ್ಳು. ಅತ್ತೆಗೆ ಕೊನೆಗಾಲದಲ್ಲಿ ಬಾಯಿಗೆ ಗಂಜಿ ಹಾಕಿದ್ದು ಇವಳೇ, ತಲೆ ಬಾಚಿದ್ದು ಇವಳೇ. ಅಂಥ ಹೊತ್ತಿನಲ್ಲೂ, ಆವತ್ತು ಯಾಕೆ ಹಾಗೆ ನಕ್ಕಿರಿ ಅಂತ ಕೇಳಲು ನಾಲಿಗೆ ಏಳಲಿಲ್ಲ. ಕೆಂಪಾಜಮ್ಮ ಹೊರಟುಹೋದಳು. ಮುಳ್ಳು ಉಳಿಯಿತು.

ಹೊಂಗೆ ಉರುಳಿತು, ಸೌದೆಯಾಯಿತು, ಬ್ಯಾರನ್ನಿನಲ್ಲಿ ಬೂದಿಯಾಯಿತು. ಬೊಡ್ಡೆಯಿಂದ ಚಿಗುರು ಎದ್ದಾಗಲೆಲ್ಲ ವಿರೂಪಾಕ್ಷ ಮಚ್ಚಿನಿಂದ ಸವರಿ ಹಾಕಿದ. ಉಳಿದದ್ದನ್ನು ಮೇಕೆಗಳು ನೋಡಿಕೊಂಡವು. ಕೈ ಹಾಕಿದ ಮೇಲೆ ಪೂರ್ತಿ ಚೊಕ್ಕಟವಾಗಲಿ ಅಂತ ಸುತ್ತಲಿನ ಲಂಟಾನ, ಬೇಲಿಯ ಪೊದೆಗಳನ್ನೂ ಕೀಳಿಸಿದ. ಗಂಧದ ಮರ ಒಂದೇ ಉಳಿಯಿತು. ಈಗ ಅದು ತಬ್ಬಿದರೆ ತೋಳು ತುಂಬುವಷ್ಟು ಬೆಳೆದಿತ್ತು. ಕಳ್ಳರ ಭಯಕ್ಕೆ ಹೊಲದಲ್ಲೊಂದು ನಾಯಿಯನ್ನೂ ಸಾಕಿದ್ದರು.

ಮಳೆ ಚೆನ್ನಾಗಿಯೇ ಆಯಿತು. ಆದರೂ ದೀಪಾವಳಿ ಹೊತ್ತಿಗೆ ಗಂಧದ ಎಲೆ ಹಳದಿಗೆ ತಿರುಗಿ ಉದುರತೊಡಗಿತು. ಮೊದಲು ತುದಿ, ಆಮೇಲೆ ಆಚೆ ಬದಿಯ ಕೊಂಬೆಗಳು. ಪಕ್ಕದಲ್ಲಿ ರಾಗಿ ತೆನೆ ತುಂಬಿ ತೂಗುತ್ತಿರುವಾಗ ಈ ಮರವೊಂದೇ ಬರಗಾಲದಲ್ಲಿ ನಿಂತ ಹಾಗೆ ನಿಂತಿತ್ತು. ನೀಲಾಂಬಿಕೆಗೆ ಊಟ ಸೇರದಾಯಿತು. ಈ ಮನೆಗೆ ತನ್ನ ಜೊತೆಗೇ ಬಂದದ್ದು ಅಂತ ಇದ್ದದ್ದು ಅದೊಂದೇ.

ಕಾರ್ತಿಕದ ಒಂದು ಬೆಳಿಗ್ಗೆ ಅವಳು ನಿಂಗಿಯನ್ನು ಕರೆದುಕೊಂಡು ಗುದ್ದಲಿ ಹಿಡಿದು ಹೊರಟಳು. ನಿಂಗಿ ಹಾಡಿಯವಳು, ಅವಳದೇ ಓರಗೆ. ಆ ಕಾಲದಲ್ಲಿ ತಾಯಿಯ ಹಿಂದೆ ಕಳೆ ಕೀಳಲು ಬರುತ್ತಿದ್ದ ಹುಡುಗಿ, ಈಗ ಮೊಮ್ಮಕ್ಕಳ ಅಜ್ಜಿ. ಗಂಧದ ಸುತ್ತ ಪಾತಿ ಮಾಡಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಬಿಡುವುದು ನೀಲಾಂಬಿಕೆಯ ಲೆಕ್ಕಾಚಾರ. ಪಕ್ಕದ ಹೊಲದಲ್ಲಿ ಕೃಷಿಹೊಂಡ ತೆಗೆಯುತ್ತಿದ್ದ ಜೆಸಿಬಿಯ ಸದ್ದು ಕೇಳುತ್ತಿತ್ತು. ಆ ಕೆಲಸ ಮುಗಿದ ಮೇಲೆ ಇಲ್ಲಿಗೂ ಬಂದು ಹೊಂಗೆಯ ಬೊಡ್ಡೆ ಕಿತ್ತುಕೊಡು ಅಂತ ಹೇಳಲು ವಿರೂಪಾಕ್ಷ ಆಗಲೇ ಅತ್ತ ಹೋಗಿದ್ದ. ಟ್ರ್ಯಾಕ್ಟರಿನ ನೇಗಿಲು ಬೊಡ್ಡೆಗೆ ತಾಗಿ ಎರಡು ಸಲ ಬಾಗಿತ್ತು.

"ಎಷ್ಟ್ ನೀರುಯ್ದ್ರೂ ಇದು ಕುಡಿಯಂಗೆ ಕಾಣಕಿಲ್ಲ ಕಣಕ್ಕ," ಅಂದಳು ನಿಂಗಿ, ಮರವನ್ನು ಮೇಲಿಂದ ಕೆಳಗೆ ನೋಡಿ. "ಮಂಕು ಬಡ್ದಂಗದೆ."

"ನಿನ್ ಬಾಯ್ಗೆ ಬೆಲ್ಲ ಹಾಕ. ಅಗಿ ಸುಮ್ನೆ."

"ಅಗೀತೀನಿ. ಬೆಲ್ಲ ಎಲ್ಲಿ?"

ನಗುತ್ತಲೇ ಅಗೆದರು. ನಿಂಗಿಯ ಮಾತು ಮಣ್ಣು ಅಗೆದ ಕಡೆಯೆಲ್ಲ ಹರಿಯುವಂಥದ್ದು. ತಾನು ಚಿಕ್ಕವಳಿದ್ದಾಗ ಕಾಡೊಳಗಿದ್ದ ಹಳೇ ಹಾಡಿಯ ನೆನಪು ತೆಗೆದಳು. ಹಳ್ಳದ ದಡದ ಮತ್ತಿಮರಗಳ ಬೇರು ಒಂದರೊಳಗೊಂದು ಹೆಣೆದುಕೊಂಡು ಮೆಟ್ಟಿಲಿನ ಹಾಗಿದ್ದವಂತೆ. ಅವುಗಳ ಮೇಲೆ ಕಾಲಿಟ್ಟೇ ನೀರಿಗೆ ಇಳಿಯುತ್ತಿದ್ದರಂತೆ. ಎಂಥ ಮಳೆ ಬಂದರೂ ಅಲ್ಲಿ ದಡ ಕುಸಿದದ್ದಿಲ್ಲ, ನೀರು ಕೆಂಪಾದದ್ದಿಲ್ಲ.

"ಒಂದ್ಸತಿ ಬಿರುಗಾಳೀಲಿ ಒಂದು ಮರ ಬಿತ್ತು ಕಣಕ್ಕ. ಅದ್ರ ಬೇರು ಎತ್ತಿದ್ ಏಟ್ಗೆ ಪಕ್ಕದ್ ಮರದ್ ಬುಡದ್ ಮಣ್ಣೂ ಎದ್ಬುಡ್ತು. ನಮ್ಮಪ್ಪ ಅಂದ, ಮ್ಯಾಲ್ ಮಾತ್ರ ಕಣ್ರೋ ಇವು ಬ್ಯಾರೆ ಬ್ಯಾರೆ ಅಂತ. ಈಗ ಹೊಲದ್ ನೀರು ನೋಡಿ, ಮಳೆ ಬಂದ್ರೆ ರಕ್ತ ಹರ್ದಂಗೆ ಹೊಳೆಗೋಯ್ತದೆ."

ನಿಂಗಿಯ ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಅರಣ್ಯದವರು ಕಾಡಿನಿಂದ ಎಬ್ಬಿಸಿದ್ದರಿಂದ ಆ ಹಾಡಿಯಿದ್ದ ಜಾಗಕ್ಕೆ ಈಗ ಅವಳು ಹೋಗುವಂತೆಯೂ ಇರಲಿಲ್ಲ. ನೀಲಾಂಬಿಕೆಗೆ ಒಮ್ಮೆಗೇ ತನ್ನ ಊರಿನ ನಾಲೆ, ಬಟ್ಟೆ ಒಗೆಯುತ್ತಿದ್ದ ಕಲ್ಲು, ಅದರ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ ತಮ್ಮ ಎಲ್ಲ ಕಣ್ಣಿಗೆ ಕಟ್ಟಿದವು.

ಹೊಂಗೆಯ ಬೊಡ್ಡೆಯ ಕಡೆ ಅಗೆಯುವಾಗ ಗುದ್ದಲಿಗೆ ಒಂದು ಬೇರು ಸಿಕ್ಕಿತು. ನೀಲಾಂಬಿಕೆ ಕೂತು ಕೈಯಲ್ಲಿ ಮಣ್ಣು ಬಿಡಿಸಿದಳು. ಹೆಬ್ಬೆರಳು ಗಾತ್ರದ್ದು, ಹೊಂಗೆಯದು. ಗುದ್ದಲಿ ತಾಗಿದ ಗಾಯದಲ್ಲಿ ಅದರ ಕಹಿ ವಾಸನೆ ಗೊತ್ತಾಗುತ್ತಿತ್ತು. ಅದಕ್ಕೆ ಇನ್ನೊಂದು ತೆಳ್ಳನೆಯ ಬೇರು ಬಂದು ಸೇರಿತ್ತು. ಸುತ್ತಿಕೊಂಡಿರಲಿಲ್ಲ, ಒರಗಿಕೊಂಡೂ ಇರಲಿಲ್ಲ. ತುದಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡದಾದ ಬಿಳಿಯ ಗಂಟು ಮಾಡಿಕೊಂಡು ಹೊಂಗೆಯ ಬೇರನ್ನು ಕಚ್ಚಿ ಹಿಡಿದಿತ್ತು. ಎಳೆದು ನೋಡಿದಳು. ಬಿಡಲಿಲ್ಲ. ಕೂಸು ಮೊಲೆ ಹಿಡಿದ ಹಾಗೆ ಹಿಡಿದಿತ್ತು.

ಆ ತೆಳ್ಳನೆಯ ಬೇರಿನ ಜಾಡು ಹಿಡಿದು ಮಣ್ಣು ಸರಿಸುತ್ತಾ ಹೋದಳು. ಅಂಥವೇ ಗಂಟುಗಳು ಇನ್ನೊಂದು ಕಡೆ, ಮತ್ತೊಂದು ಕಡೆ. ಕೆಲವು ಕಿತ್ತು ಹಾಕಿದ ಲಂಟಾನದ ಒಣಬೇರನ್ನು ಇನ್ನೂ ಹಿಡಿದುಕೊಂಡು ತಾವೂ ಒಣಗಿದ್ದವು. ಜಾಡು ನೇರವಾಗಿ ಗಂಧದ ಬುಡಕ್ಕೆ ಬಂದು ಮುಟ್ಟಿತು. ಉಗುರಿನಿಂದ ಸಿಪ್ಪೆ ಕೆರೆದು ಮೂಸಿದಳು. ಮಣ್ಣಿನ ನಡುವಿನಿಂದ ಮೆಲ್ಲಗೆ ಗಂಧದ ಕಂಪು ಬಂತು.

ಅವಳು ಕೂತಲ್ಲೇ ಕೂತಳು. ತವರ್ನ ಕಚ್ಕಂಡೇ ಉಣ್ತದೆ.

"ನಿಂಗಿ," ಅಂದಳು. "ಬಾಳ ಹಿಂದೆ, ನಾನು ಬಂದ ಹೊಸದ್ರಲ್ಲಿ, ನಮ್ಮತ್ತೆ ನಿಮ್ಮೆಲ್ರ ಮುಂದೆ ತವರು ಗಿವರು ಅಂತ ಏನೋ ಅಂದು, ನೀವೆಲ್ಲ ನಗಾಡಿದ್ರಿ. ಗ್ಯಾಪಕ ಅದಾ?"

"ತವರುಮರದ ಮಾತಾ? ಅದ್ಯಾಕೆ ಗ್ಯಾಪಕ ಇರಕಿಲ್ಲ. ನಮ್ಮವ್ವ ಸಾಯೋಗಂಟ ಅದ್ನ ಯೋಳ್ಕೊಂಡು ನಗ್ತಿದ್ಲು."

ನೀಲಾಂಬಿಕೆ ಅವಳ ಕಡೆ ತಿರುಗಿದಳು. "ನನ್ನ ಆಡ್ಕೊಂಡು ತಾನೇ?"

"ನಿಮ್ಮನ್ನಾ?" ನಿಂಗಿ ಗುದ್ದಲಿ ಕೆಳಗಿಟ್ಟಳು. "ಅಯ್ಯೋ ಶಿವನೇ, ನಿಮ್ಮನ್ಯಾಕೆ ಆಡ್ಕೊಂಡಾರು ಅಕ್ಕ? ಈ ಗಂಧದ್ ಗಿಡುಕ್ಕೆ ಅಂದುದ್ದು. ನಮ್ಮವ್ವ ಇದು ಹೊಂಗೆ ನೆಳ್ಳಲ್ಲಿ ಅದೆ, ಕಿತ್ತು ಅತ್ಲಾಗ್ ನೆಡ್ಲಾ ಅಂದ್ಲು. ಅದ್ಕೆ ನಿಮ್ಮತ್ತೆ, ಮುಟ್ಬ್ಯಾಡ ಕಣೆ, ಅದು ತವರ್ನ ಕಚ್ಕಂಡೇ ಉಣ್ತದೆ ಅಂದ್ರು. ನಾವೆಲ್ಲ ನಕ್ವಿ. ಆಮ್ಯಾಕೆ, 'ನಾನೂ ಅಂಗೇ ಕಣ್ರವ್ವ, ಸರಗೂರಿಂದ ಬಂದು ಇಷ್ಟ್ ವರ್ಸ ಆದ್ರೂ ಸಾರ್ಗೆ ಉಪ್ಪಾಕ್ವಾಗ ನಮ್ಮವ್ವನ್ ಕೈಯೇ ನೆಪ್ಪಾಯ್ತದೆ' ಅಂದ್ರು. ಅದ್ಕೆ ನಮ್ಮವ್ವ, 'ಓ, ನಿಮ್ ಸಾರು ದಿನಾ ಉಪ್ಪುಪ್ಪಾಗಿರದು ಅದ್ಕೇನಾ ಅವ್ವಾರೆ' ಅಂದ್ಲು ನೋಡಿ. ಅದ್ಕಂತೂ ನಿಮ್ಮತ್ತೆ ತಾವೇ ಮೊದ್ಲು ನಕ್ಕುದ್ದು."

ಅತ್ತೆಯ ಸಾರು ನಿಜಕ್ಕೂ ಉಪ್ಪು. ಸತ್ತು ಇಷ್ಟು ವರ್ಷವಾದ ಮೇಲೆ ಆ ಉಪ್ಪು ನೀಲಾಂಬಿಕೆಯ ನಾಲಿಗೆಯ ಮೇಲೆ ಬಂದು ಕೂತಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಹಾಗೇ ಊರು ಬಿಟ್ಟು ಬಂದ ಇನ್ನೊಬ್ಬಳು ಬದುವಿನ ಆಚೆಯೇ ಇದ್ದಳಲ್ಲ. ಅವತ್ತು ಎದ್ದು ಹೋಗದೆ ಇನ್ನೊಂದು ಮಾತು ಕೇಳುವಷ್ಟು ಹೊತ್ತು ಕೂತಿದ್ದರೆ ಸಾಕಿತ್ತು.

ಪಕ್ಕದ ಹೊಲದ ಸದ್ದು ನಿಂತಿತು. ಆಮೇಲೆ ಹತ್ತಿರ ಬರತೊಡಗಿತು. ಹಳದಿ ಜೆಸಿಬಿ ಬದು ಹತ್ತಿ ಇಳಿಯಿತು, ಮುಂದೆ ಟವೆಲ್ ಬೀಸುತ್ತಾ ವಿರೂಪಾಕ್ಷ. ಓಡಿಸುತ್ತಿದ್ದವನು ಸರಗೂರಿನ ಸುನೀಲ್ಕುಮಾರ್. ಅವನು ಎಂಜಿನ್ ಆರಿಸದೆ ತಲೆ ಹೊರಗೆ ಹಾಕಿದ.

"ಅಮ್ಮಾ, ವಸಿ ಅತ್ಲಾಗ್ ಬನ್ನಿ. ಎಲ್ಡು ನಿಮಿಸದ್ ಕೆಲ್ಸ."

ನೀಲಾಂಬಿಕೆ ಬೊಡ್ಡೆಯ ಮುಂದೆ ಹೋಗಿ ನಿಂತಳು. "ಬ್ಯಾಡ ಕಣಪ್ಪ. ಇದ್ನ ಕೀಳಂಗಿಲ್ಲ."

"ಕೀಳಂಗಿಲ್ವಾ?" ವಿರೂಪಾಕ್ಷ ಟವೆಲ್ ಹೆಗಲಿಗೆ ಹಾಕಿಕೊಂಡ. "ಟೀ ಕುಡ್ಸಿ ಪುಸ್ಲಾಯಿಸ್ಕಂಡು ಬಂದಿವ್ನಿ ಅವ್ನ. ಕಡಿಸಿ ಅಂದೋಳು ನೀನು, ಕೀಳ್ಬೇಡಿ ಅನ್ನೋಳೂ ನೀನೇ."

"ಹೂಂ, ಎಲ್ಡೂ ನಾನೇ. ಬಯ್ಯದಾದ್ರೆ ಆಮ್ಯಾಕೆ ಬಯ್ರಿ. ಮೊದ್ಲು ಇಲ್ಲಿ ಬಂದು ನೋಡಿ."

ಅವನು ಗೊಣಗುತ್ತಾ ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತ. ಅವಳು ತೋರಿಸಿದ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದ. "ಇದೇನು, ಎಮ್ಮೆಗೆ ಉಣ್ಣೆ ಕಚ್ಕಂಡಂಗೆ?"

"ಉಣ್ಣೆನೇ ಅನ್ಕಳಿ. ಗಂಧ ಹೊಂಗೆಯಿಂದ ಕುಡೀತಿತ್ತು. ಇಷ್ಟ್ ಕಾಲ ಕುಡುದ್ರೂ ಹೊಂಗೆ ಒಂದಿನಾನೂ ಬಾಡ್ನಿಲ್ಲ. ನಾವು ಚಿಗುರ್ನೆಲ್ಲ ಸವ್ರಿ ಸವ್ರಿ ಹೊಂಗೆನೂ ಉಪಾಸ ಕೆಡವುದ್ವಿ, ಇದ್ನೂ ಕೆಡವುದ್ವಿ. ನಿಮ್ಮವ್ವ ತವರುಮರ ಅಂತಿದ್ದುದ್ದು ಇದ್ಕೆ ಕಣ್ರೀ. ಗಂಧದ್ ತವರು."

ವಿರೂಪಾಕ್ಷ ಬೇರಿನಿಂದ ಕಣ್ಣೆತ್ತಿ ಹೆಂಡತಿಯನ್ನು ನೋಡಿದ.

"ನಿನ್ ತವರು ಅಂತ ಅಲ್ವಾ?"

"ಏನು?"

"ನೀನು ಬಂದ ಹೊಸದ್ರಲ್ಲಿ ಇಲ್ಲಿ ಕೂತ್ಕಂಡು ಅಳ್ತಿದ್ದೆಯಲ್ಲ. ಅದ್ಕೆ ಅವ್ವ ಈ ಮರ ನಿಂಗೆ ಬುಟ್ಟವ್ಳೆ ಅಂತ ನಾನು ತಿಳ್ಕಂಡಿದ್ದೆ. ಅದ್ಕೇ ತಾನೇ ಕಡಿಯಾಕ್ ಮುಂಚೆ ಕೇಳಿದ್ದು. ಇಲ್ದಿದ್ರೆ ನಾನ್ಯಾವತ್ ನಿನ್ನ ಕೇಳಿ ಸೌದೆ ಕಡ್ದಿವ್ನಿ?"

ನಿಂಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ತಾನು ಅಳುತ್ತಿದ್ದದ್ದು ಈ ಮನುಷ್ಯನ ಕಣ್ಣಿಗೆ ಬಿದ್ದೇ ಇಲ್ಲ ಅಂತ ತಿಳಿದಿದ್ದಳು ನೀಲಾಂಬಿಕೆ.

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಸುನೀಲ್ಕುಮಾರ್ ಇಳಿದು ಬಂದು ತಾನೂ ಬಗ್ಗಿ ನೋಡಿದ. "ಅಣ್ಣ, ಯೋಳ್ಬುಡ್ತೀನಿ. ನನ್ ಬಕೆಟ್ ಬೊಡ್ಡೆಗೆ ಹಾಕುದ್ರೆ ಬರೀ ಬೊಡ್ಡೆ ಬರಕಿಲ್ಲ. ಈ ಬೇರೆಲ್ಲ ಕಿತ್ಕಂಡೇ ಬರದು. ಆಮ್ಯಾಕೆ ಗಂಧ ಒಣಗೋಯ್ತು ಅಂತ ನನ್ನ ಬಯ್ಬ್ಯಾಡಿ."

"ನೇಗಿಲು ಬಾಗುದ್ರೆ ನೀನ್ ಕೊಡುಸ್ತೀಯೇನ್ಲಾ?" ಅಂದ ವಿರೂಪಾಕ್ಷ. ಆದರೆ ಆ ಮಾತಿನಲ್ಲಿ ಜೋರಿರಲಿಲ್ಲ. ಬೇರಿನ ಮೇಲೆ ಎರಡು ಬೊಗಸೆ ಮಣ್ಣು ಎಳೆದು, ಅಂಗೈಯಿಂದ ತಟ್ಟಿ, ಎದ್ದು ನಿಂತ. "ನಡಿ, ಅತ್ಲಾಗಿ ಮೂಲೇಲಿ ಮಣ್ಣು ಗುಡ್ಡೆ ಬಿದ್ದದೆ, ಅದ್ನಾದ್ರೂ ಸಮ ಮಾಡು. ಬಂದುದ್ದಕ್ಕೆ."

ಆ ದಿನವೇ ಗಂಡ, ಹೆಂಡತಿ, ನಿಂಗಿ ಮೂವರೂ ಸೇರಿ ಬೊಡ್ಡೆಯ ಸುತ್ತ ಮುಳ್ಳು ಒಟ್ಟಿದರು. ಗಂಧಕ್ಕೂ ಬೊಡ್ಡೆಗೂ ನಡುವೆ ತೊಗರಿ ಹಾಕಿದರೆ ಹೊಂಗೆ ಚಿಗುರುವವರೆಗೆ ಗಂಧ ಅದರ ಬೇರನ್ನಾದರೂ ಹಿಡಿದುಕೊಂಡೀತು ಅಂತ ನೀಲಾಂಬಿಕೆಗೆ ಹೊಳೆಯಿತು. ಹಾಕಿದರು. ಹಿತ್ತಲಿನಿಂದ ಅಗಸೆಮರದ ಸಸಿ ತಂದು ನೆಟ್ಟರು. ಬೇಸಿಗೆಯುದ್ದಕ್ಕೂ ಡ್ರಮ್ಮಿನಲ್ಲಿ ನೀರು ತುಂಬಿ ತಂದರು. ಹೊಂಗೆಯ ಚಿಗುರು ತಿನ್ನಲು ಬಂದ ಮೇಕೆಗಳನ್ನು ವಿರೂಪಾಕ್ಷ ಊರಿಗೆಲ್ಲ ಕೇಳುವ ಹಾಗೆ ಬೈದು ಓಡಿಸಿದ. ದಾರಿಯಲ್ಲಿ ಹೋಗುವವರು, ಹೊಲದ ನಡುವೆ ಇದೇನಣ್ಣ ಪೊದೆ ಸಾಕಿದೀರಿ ಅಂತ ಕೇಳಿದರೆ, ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ. ನೀಲಾಂಬಿಕೆ ತಿದ್ದಲು ಹೋಗುತ್ತಿರಲಿಲ್ಲ.

ಗಂಧ ಮಾತ್ರ ಬೇಸಿಗೆಯಲ್ಲಿ ಏನನ್ನೂ ಹೇಳಲಿಲ್ಲ. ಇನ್ನಷ್ಟು ಎಲೆ ಉದುರಿಸಿ ಸುಮ್ಮನೆ ನಿಂತಿತ್ತು.

ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ಹೊಂಗೆಯ ಚಿಗುರು ಎದೆಮಟ್ಟ ಬಂದಿತ್ತು. ಒಂದು ಬೆಳಿಗ್ಗೆ ನೀಲಾಂಬಿಕೆ, ನಿಂಗಿ ಇಬ್ಬರೂ ಹೊಲಕ್ಕೆ ಹೋದಾಗ, ಗಂಧದ ಮರದ ಹೊಂಗೆಯ ಕಡೆಯ ಕೊಂಬೆಗಳಲ್ಲಿ ಎಳೆ ಎಲೆ ಹೊಳೆಯುತ್ತಿತ್ತು. ಆಚೆ ಬದಿ ಹಾಗೆಯೇ ಒಣಗಿತ್ತು. ತುದಿಯೂ ಒಣಗಿತ್ತು.

"ಆ ಕಡೆದು ಇನ್ ಬರಕಿಲ್ಲ ಬುಡಕ್ಕ," ಅಂದಳು ನಿಂಗಿ.

"ಬರ್ದಿದ್ರೆ ಬ್ಯಾಡ," ಅಂದಳು ನೀಲಾಂಬಿಕೆ. ಎಳೆ ಎಲೆಯೊಂದನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಇಷ್ಟಾದ್ರೂ ಬಂತಲ್ಲ. ಬಾ, ತೊಗರಿ ಸಾಲಲ್ಲಿ ಕಳೆ ಎದ್ದದೆ."

ನಿಂಗಿ ಕುಡುಗೋಲಿನ ಮೊನೆಯನ್ನು ಮಣ್ಣಿಗೆ ಚುಚ್ಚಲು ಹೋದಳು.

"ಕುಡ್ಲು ಬ್ಯಾಡ ಕಣೇ. ಒಳಗ್ ಯಾವ್ಯಾವ್ದು ಯಾವ್ಯಾವ್ದುನ್ನ ಹಿಡ್ಕಂಡಿದ್ದಾವೋ. ಕೈಯಲ್ಲೇ ಕೀಳು, ಮ್ಯಾಲ್ ಮ್ಯಾಲೆ."

ಮೋಡ ಕವಿದಿತ್ತು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಎದುರುಬದುರಾಗಿ ಕೂತು, ಮಣ್ಣು ಕದಲದ ಹಾಗೆ, ಒಂದೊಂದೇ ಕಳೆಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯತೊಡಗಿದರು.